ಪ್ಯಾಪ್ ಪರೀಕ್ಷೆಯ ಜನಕ ಡಾ. ಜಾರ್ಜ್ ಪಾಪನಿಕೊಲಾವ್



ಹೆಂಗಸರ ಗರ್ಭಕಂಠದ ಕ್ಯಾನ್ಸರನ್ನು ಮೊದಲೇ ಪತ್ತೆ ಮಾಡುವ ‘ಪ್ಯಾಪ್’ ಪರೀಕ್ಷೆಯ ಹೆಸರನ್ನು ನಾವು ಕೇಳಿದ್ದೇವೆ. ಅದು ಒಬ್ಬ ವಿಜ್ಞಾನಿಯ ಹೆಸರಿನ ತುಣುಕು ಎಂಬುದು ಹಲವರಿಗೆ ತಿಳಿಯದು. ಅವರೇ ಡಾ. ಜಾರ್ಜ್ ಪಾಪನಿಕೊಲಾವ್.

ಜನನ 1883ರ ಮೇ 13ರಂದು, ಗ್ರೀಸ್ ದೇಶದ ಕೀಮಿ ಎಂಬ ಊರಿನಲ್ಲಿ. ತಂದೆ ವೈದ್ಯರು. 1904ರಲ್ಲಿ ಅಥೆನ್ಸ್‌ನಲ್ಲಿ ವೈದ್ಯ ಪದವಿ ಪಡೆದರೂ ಇವರ ಒಲವು ಸಂಶೋಧನೆಯ ಕಡೆಗೆ. 1910ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಪ್ರಾಣಿಶಾಸ್ತ್ರದ ಡಾಕ್ಟರೇಟ್ ಪಡೆದರು. ಬಾಲ್ಕನ್ ಯುದ್ಧದಲ್ಲಿ ಸೈನ್ಯದ ವೈದ್ಯರಾಗಿ ದುಡಿದು, 1913ರಲ್ಲಿ ಪತ್ನಿ ಆಂಡ್ರೊಮಾಕಿ ಜೊತೆ ನ್ಯೂಯಾರ್ಕಿಗೆ ಬಂದಿಳಿದರು. ಇಬ್ಬರಿಗೂ ಇಂಗ್ಲಿಷ್ ಬಾರದು, ಕೈಯಲ್ಲಿ ಹಣವೂ ಅಷ್ಟಕ್ಕಷ್ಟೆ. ಪತ್ನಿ ಅಂಗಡಿಯೊಂದರಲ್ಲಿ ಗುಂಡಿ ಹೊಲಿದರು. ಇವರು ಜಮಖಾನೆ ಮಾರಲು ನಿಂತರು, ಆದರೆ ವ್ಯಾಪಾರ ಕೈ ಹಿಡಿಯಲಿಲ್ಲ. ಕೊನೆಗೆ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು.

ಅಲ್ಲಿ ಸಂಶೋಧನೆಗೆ ಗಿನಿಪಿಗ್‌ಗಳ ಅಂಡಾಣು ಬೇಕಿತ್ತು, ಅದೂ ನಿರ್ದಿಷ್ಟ ಹಂತದ್ದು. ಆ ಪ್ರಾಣಿಯ ಋತುಕಾಲ ಹೊರಗೆ ಕಾಣಿಸದು. ಕೊಂದು ಒಳಗೆ ನೋಡುತ್ತಾ ಹೋದರೆ ಎಷ್ಟೋ ಜೀವಗಳು ಹೋಗುತ್ತಿದ್ದವು. ಪಾಪನಿಕೊಲಾವ್ ಬೇರೆ ದಾರಿ ಹುಡುಕಿದರು. ಮೂಗು ಪರೀಕ್ಷಿಸುವ ಪುಟ್ಟ ಉಪಕರಣ ಬಳಸಿ, ಯೋನಿಯ ಸ್ರಾವವನ್ನು ಗಾಜಿನ ಪಟ್ಟಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಜೀವಕೋಶಗಳ ರೂಪ ದಿನದಿನಕ್ಕೂ ಬದಲಾಗುತ್ತಿತ್ತು. ಇದನ್ನು ಖಚಿತಪಡಿಸಿಕೊಳ್ಳಲು ಕೆಲವು ಪ್ರಾಣಿಗಳನ್ನು ಕೊಂದದ್ದೂ ನಿಜ. ಆದರೆ ದಾರಿ ಗೊತ್ತಾದ ಮೇಲೆ, ಋತುಕಾಲ ತಿಳಿಯಲು ಜೀವ ತೆಗೆಯುವ ಅಗತ್ಯ ಉಳಿಯಲಿಲ್ಲ. ಅಹಿಂಸೆಯನ್ನು ನಂಬುವ ನಮಗೆ ಇದು ಗಮನಿಸತಕ್ಕ ಸಂಗತಿ. 1917ರಲ್ಲಿ ಪ್ರಾಧ್ಯಾಪಕ ಸ್ಟಾಕರ್ಡ್ ಜೊತೆ ಈ ಅಧ್ಯಯನ ಪ್ರಕಟಿಸಿದರು.

ಮುಂದೆ ಇದೇ ವಿಧಾನವನ್ನು ಹೆಂಗಸರಲ್ಲಿ ಪ್ರಯೋಗಿಸಿದರು. ಪತ್ನಿಯೇ ವರ್ಷಗಟ್ಟಲೆ ತಮ್ಮ ಮಾದರಿ ಕೊಟ್ಟರು, ಪ್ರಯೋಗಾಲಯದಲ್ಲೂ ಹೆಗಲು ಕೊಟ್ಟರು. ಹೀಗೆ ಮಾದರಿಗಳನ್ನು ನೋಡುತ್ತಿದ್ದಾಗ ಒಬ್ಬ ರೋಗಿಯ ಮಾದರಿಯಲ್ಲಿ ಕ್ಯಾನ್ಸರ್ ಕೋಶಗಳು ಕಣ್ಣಿಗೆ ಬಿದ್ದವು. ಸಂತಾನಶಾಸ್ತ್ರಕ್ಕಾಗಿ ಹಿಡಿದ ದಾರಿ ಕ್ಯಾನ್ಸರ್ ಪತ್ತೆಗೂ ಬೆಳಕಾಯಿತು. 1928ರಲ್ಲಿ ಇದನ್ನು ಹೇಳಿದಾಗ ವೈದ್ಯಲೋಕ ಕಿವಿಗೊಡಲಿಲ್ಲ. ಅವರು ಎದೆಗುಂದದೆ ಕೆಲಸ ಮುಂದುವರಿಸಿದರು. ಡಾ. ಹರ್ಬರ್ಟ್ ಟ್ರೌಟ್ ಜೊತೆ 1941ರಲ್ಲಿ ಲೇಖನ, 1943ರಲ್ಲಿ ಗ್ರಂಥ ಹೊರತಂದ ಮೇಲೆ ಜಗತ್ತು ಒಪ್ಪಿತು. 1950ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು, ನೊಬೆಲ್ ಮಾತ್ರ ಬರಲಿಲ್ಲ. 1962ರ ಫೆಬ್ರವರಿ 19ರಂದು ಅವರು ನಿಧನರಾದರು.

ಈ ಪರೀಕ್ಷೆ ಕ್ರಮವಾಗಿ ನಡೆಯುವ ದೇಶಗಳಲ್ಲಿ ಈ ಕ್ಯಾನ್ಸರ್‌ನಿಂದ ಸಾಯುವವರ ಸಂಖ್ಯೆ ಬಹಳ ಇಳಿದಿದೆ. ನಮ್ಮಲ್ಲಿ ಸಂಕೋಚವೇ ದೊಡ್ಡ ಅಡ್ಡಿ. ಉಪವಾಸ, ವ್ರತಗಳನ್ನು ತಪ್ಪದೆ ಮಾಡುವ ನಮ್ಮ ತಾಯಂದಿರು ತಮ್ಮ ದೇಹದ ತೊಂದರೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ, ಗಂಡಸರಾದ ನಾವೂ ಕೇಳುವುದಿಲ್ಲ. ಮೂವತ್ತು ದಾಟಿದ ಮನೆಯ ಹೆಂಗಸರನ್ನು ವೈದ್ಯರ ಬಳಿ ಕರೆದುಕೊಂಡು ಹೋಗಿ, ಯಾವ ಪರೀಕ್ಷೆ, ಎಷ್ಟು ವರ್ಷಕ್ಕೊಮ್ಮೆ ಎಂದು ಕೇಳಿ. ಕೆಲವೇ ನಿಮಿಷದ ಕೆಲಸ. ಜೀವದಯೆ ನಮ್ಮ ಮನೆಯಿಂದಲೇ ಆರಂಭವಾಗಲಿ.