ತೋಳಿನ ದಾರಿ ತೋರಿದ ವರ್ನರ್ ಫೋರ್ಸ್‌ಮನ್

ತಲೆಬುರುಡೆಯನ್ನು ತೆರೆಯದೆ, ಮಣಿಕಟ್ಟಿನ ಅಪಧಮನಿಯಲ್ಲಿ ತೆಳುವಾದ ಕೊಳವೆಯನ್ನು ತೂರಿಸಿ ಮಿದುಳಿನ ರಕ್ತನಾಳದ ದೋಷ ಸರಿಪಡಿಸುವ ಚಿಕಿತ್ಸೆ ಇಂದು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ತೋಳಿನ ರಕ್ತನಾಳದ ಮೂಲಕ ದೇಹದ ಒಳಭಾಗವನ್ನು ತಲುಪಬಹುದೆಂದು ತಮ್ಮ ಮೈಮೇಲೆಯೇ ಪ್ರಯೋಗಿಸಿ ತೋರಿಸಿದವರು ಜರ್ಮನಿಯ ವೈದ್ಯ ವರ್ನರ್ ಫೋರ್ಸ್‌ಮನ್.

1904ರ ಆಗಸ್ಟ್ 29ರಂದು ಬರ್ಲಿನ್‌ನಲ್ಲಿ ಜನಿಸಿದ ಅವರು ಅಲ್ಲಿಯೇ ವೈದ್ಯಶಿಕ್ಷಣ ಪಡೆದರು. 1929ರಲ್ಲಿ ಎಬರ್ಸ್‌ವಾಲ್ಡೆ ಪಟ್ಟಣದ ಆಸ್ಪತ್ರೆಯಲ್ಲಿ ತರಬೇತಿಯಲ್ಲಿದ್ದರು. ಜೀವಂತ ಮನುಷ್ಯನ ಹೃದಯದೊಳಗೆ ಕೊಳವೆ ಸೇರಿಸುವುದು ಪ್ರಾಣಾಂತಿಕವೆಂದು ಭಾವಿಸಿದ್ದ ಕಾಲವದು. ಮೇಲಧಿಕಾರಿ ಅನುಮತಿ ನಿರಾಕರಿಸಿದರು. ಉಪಕರಣಗಳ ಉಸ್ತುವಾರಿ ಹೊತ್ತಿದ್ದ ದಾದಿ ತಾನೇ ಪ್ರಯೋಗಕ್ಕೆ ಒಳಗಾಗಲು ಮುಂದೆ ಬಂದಳು. ಫೋರ್ಸ್‌ಮನ್ ಆಕೆಯನ್ನು ಮೇಜಿಗೆ ಕಟ್ಟಿ, ಸದ್ದಿಲ್ಲದೆ ತಮ್ಮ ಎಡಮೊಣಕೈ ಬಳಿಯ ಅಭಿಧಮನಿಯೊಳಗೆ 65 ಸೆಂಟಿಮೀಟರ್‌ನಷ್ಟು ಕೊಳವೆಯನ್ನು ನೂಕಿಕೊಂಡರು. ಹಾಗೆಯೇ ಎಕ್ಸ್-ರೇ ಕೊಠಡಿಗೆ ನಡೆದುಹೋಗಿ, ಕೊಳವೆಯ ತುದಿ ಹೃದಯದ ಬಲಭಾಗ ತಲುಪಿದ್ದಕ್ಕೆ ಚಿತ್ರದ ಸಾಕ್ಷ್ಯ ಪಡೆದರು.

ಈ ಸಾಹಸಕ್ಕೆ ದೊರೆತದ್ದು ಮನ್ನಣೆಯಲ್ಲ, ತಿರಸ್ಕಾರ. ಬರ್ಲಿನ್‌ನ ಶಾರಿಟೆ ಆಸ್ಪತ್ರೆಯಲ್ಲಿ ಅವರಿಗೆ ನೆಲೆ ಸಿಗಲಿಲ್ಲ. ಹೃದಯದ ಸಂಶೋಧನೆ ಬಿಟ್ಟು ಮೂತ್ರರೋಗ ಚಿಕಿತ್ಸೆಯತ್ತ ಹೊರಳಿದರು. 1932ರಲ್ಲಿ ನಾಜಿ ಪಕ್ಷ ಸೇರಿದ್ದು ಅವರ ಬದುಕಿನ ಕಪ್ಪುಚುಕ್ಕೆ. ಎರಡನೇ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿದ್ದು, ಸೆರೆಯಾಳಾದರು. ಅಷ್ಟರಲ್ಲಿ ಅಮೆರಿಕದಲ್ಲಿ ಕೂರ್ನಾನ್ ಮತ್ತು ರಿಚರ್ಡ್ಸ್ ಅವರು ಫೋರ್ಸ್‌ಮನ್ ವಿಧಾನವನ್ನು ಬೆಳೆಸಿದ್ದರು. ಸಣ್ಣ ಊರಿನ ವೈದ್ಯರಾಗಿದ್ದ ಫೋರ್ಸ್‌ಮನ್ ಅವರಿಗೆ 1956ರಲ್ಲಿ ಆ ಇಬ್ಬರೊಡನೆ ನೊಬೆಲ್ ಪ್ರಶಸ್ತಿ ಸಂದಿತು. 1979ರ ಜೂನ್ 1ರಂದು ಅವರು ನಿಧನರಾದರು.

ಅವರು ಬಳಸಿದ್ದು ಹೃದಯಕ್ಕೆ ಮರಳುವ ಅಭಿಧಮನಿ. ಮಿದುಳಿಗೆ ಸಾಗಲು ಅಪಧಮನಿಯೇ ಬೇಕು. ಲಿಸ್ಬನ್‌ನ ಎಗಾಸ್ ಮೋನಿಜ್ 1927ರಲ್ಲಿ ಕತ್ತಿನ ಅಪಧಮನಿಗೆ ದ್ರವ ಚುಚ್ಚಿ ಮಿದುಳಿನ ರಕ್ತನಾಳಗಳ ಚಿತ್ರ ತೆಗೆದಿದ್ದರು. ಮುಂದೆ ತೊಡೆಸಂದಿನ ದಾರಿ ರೂಢಿಗೆ ಬಂತು. 1989ರಲ್ಲಿ ಕೆನಡಾದ ಲೂಸಿಯೆನ್ ಕ್ಯಾಂಪೋ ಮಣಿಕಟ್ಟಿನ ಮೂಲಕ ಹೃದಯದ ರಕ್ತನಾಳ ಪರೀಕ್ಷೆಯ ಅನುಭವ ಪ್ರಕಟಿಸಿದರು. ಹೃದಯತಜ್ಞರು ಹಿಡಿದ ಆ ದಾರಿಯನ್ನು ಬಳಿಕ ಮಿದುಳಿನ ತಜ್ಞರೂ ಅನುಸರಿಸಿದರು.

ಮಣಿಕಟ್ಟಿನ ಅಪಧಮನಿ ಚರ್ಮದ ಕೆಳಗೇ, ಮೂಳೆಯ ಮೇಲಿದೆ. ಒತ್ತಿಹಿಡಿದರೆ ರಕ್ತಸ್ರಾವ ನಿಲ್ಲುತ್ತದೆ. ರೋಗಿ ಬೇಗನೆ ಎದ್ದು ಕೂರಬಹುದು. ಆದರೆ ಈ ನಾಳ ಕಿರಿದು. ಎಡಗತ್ತಿನ ಅಪಧಮನಿಯತ್ತ ಕೊಳವೆ ತಿರುಗಿಸುವುದೂ ಕೆಲವೊಮ್ಮೆ ಕಷ್ಟ. ಆದ್ದರಿಂದ ಎಲ್ಲರಿಗೂ ಇದೇ ದಾರಿ ಸಲ್ಲದು.

ತೋಳಿನಿಂದ ಮಿದುಳಿನವರೆಗಿನ ಈ ಪಯಣವನ್ನು ಕಾಣಲು ಫೋರ್ಸ್‌ಮನ್ ಉಳಿದಿರಲಿಲ್ಲ. ಆದರೂ ಅದರ ಮೊದಲ ಹೆಜ್ಜೆಗಳಲ್ಲೊಂದು ಅವರದು.