ಏಕಸ್ವಾಮ್ಯಕ್ಕೆ ಕಡಿವಾಣದ ಕಾಲದ ಮಂತ್ರಿ ಪೊಳ್ಳಾಚಿಯ ಸಿ. ಸುಬ್ರಮಣಿಯಂ

ಸಿ. ಸುಬ್ರಮಣಿಯಂ ಎಂದರೆ ಹಸಿರು ಕ್ರಾಂತಿ ನೆನಪಾಗುತ್ತದೆ. ದೊಡ್ಡ ಉದ್ಯಮಗಳ ಏಕಸ್ವಾಮ್ಯಕ್ಕೆ ಕಡಿವಾಣ ಬಿದ್ದ ದಿನಗಳಲ್ಲಿ ಕೈಗಾರಿಕಾ ಖಾತೆಯೂ ಅವರ ಕೈಯಲ್ಲಿತ್ತು.

1910ರ ಜನವರಿ 30ರಂದು ಕೊಯಮತ್ತೂರು ಜಿಲ್ಲೆಯ ಪೊಳ್ಳಾಚಿ ಬಳಿಯ ಸೆಂಗುಟ್ಟೈಪಾಳಯಂನ ರೈತ ಕುಟುಂಬದಲ್ಲಿ ಜನಿಸಿದ ಅವರು ಕಾನೂನು ಓದಿ ಕೊಯಮತ್ತೂರಿನಲ್ಲಿ ವಕೀಲರಾದರು. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಸೇರಿದರು. ಸಂವಿಧಾನ ರಚನಾ ಸಭೆಯ ಸದಸ್ಯರಾಗಿ, 1952ರಿಂದ ಹತ್ತು ವರ್ಷ ಮದರಾಸು ರಾಜ್ಯದ ಮಂತ್ರಿಯಾಗಿ ದುಡಿದು ಬಳಿಕ ದೆಹಲಿಗೆ ಹೋದರು.

1969ರ ಏಕಸ್ವಾಮ್ಯ ತಡೆ ಕಾಯ್ದೆಯ ಪ್ರಕಾರ, ಒಂದೇ ಮನೆತನದ ಕಂಪನಿಗಳ ಒಟ್ಟು ಆಸ್ತಿ 20 ಕೋಟಿ ರೂಪಾಯಿ ಮುಟ್ಟಿದರೆ ಹೊಸ ಘಟಕಕ್ಕೆ ಸರ್ಕಾರದ ಒಪ್ಪಿಗೆ ಬೇಕಿತ್ತು. ಆದರೆ ಲೈಸೆನ್ಸ್ ನೀತಿ 35 ಕೋಟಿ ಮೀರಿದವರನ್ನಷ್ಟೇ ದೊಡ್ಡವರೆಂದು ಎಣಿಸುತ್ತಿತ್ತು. ಸುಬ್ರಮಣಿಯಂ ಕೈಗಾರಿಕಾಭಿವೃದ್ಧಿ ಸಚಿವರಾಗಿದ್ದಾಗ, 1973ರ ಫೆಬ್ರವರಿಯಲ್ಲಿ ಬಂದ ಹೊಸ ನೀತಿ ಎರಡೂ ಕಡೆ 20 ಕೋಟಿಯನ್ನೇ ಅಳತೆ ಮಾಡಿತು. ಸಣ್ಣ ಕೈಗಾರಿಕೆಗಳಿಗಿದ್ದ ಮೀಸಲಾತಿ ಮುಂದುವರಿಯಿತು.

ಒಪ್ಪಿಗೆಗೆ ಕಾಯುವುದೇ ತೊಡಕು ಎಂಬ ದೂರೂ ಬೆಳೆಯಿತು. 1985ರಲ್ಲಿ ಮಿತಿ 100 ಕೋಟಿಗೆ ಏರಿತು, 1991ರಲ್ಲಿ ರದ್ದಾಯಿತು. 1998ರಲ್ಲಿ ಭಾರತ ರತ್ನ ಪಡೆದ ಸುಬ್ರಮಣಿಯಂ 2000ದ ನವೆಂಬರ್ 7ರಂದು ನಿಧನರಾದರು.

ನಂತರ ಬಂದ 2002ರ ಸ್ಪರ್ಧಾ ಕಾಯ್ದೆಗೆ ದೊಡ್ಡದಾಗಿ ಬೆಳೆಯುವುದು ತಪ್ಪಲ್ಲ; ಒಳಒಪ್ಪಂದದಿಂದ ಬೆಲೆ ಏರಿಸುವುದು, ಬಲ ದುರುಪಯೋಗ ಮಾಡುವುದು ತಪ್ಪು. ಅಂಥ ಅನ್ಯಾಯಕ್ಕೆ ಸಿಕ್ಕ ಸಣ್ಣ ಉದ್ಯಮಿ ಈಗ ದೂರು ಕೊಡಬೇಕಾದ್ದು ದೆಹಲಿಯ ಭಾರತೀಯ ಸ್ಪರ್ಧಾ ಆಯೋಗಕ್ಕೆ.