ಉಪ್ಪಿನ ಲೆಕ್ಕ ಕೇಳಿದ ಗೋಖಲೆ

ರತ್ನಾಗಿರಿ ಜಿಲ್ಲೆಯ ಕೋತಳೂಕದ ಬಡ ಮನೆಯಲ್ಲಿ 1866ರಲ್ಲಿ ಜನಿಸಿದ ಗೋಪಾಲ ಕೃಷ್ಣ ಗೋಖಲೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. ಗಣಿತವನ್ನೂ ಕಲಿಸಿದವರು, ಅಂಕೆಗಳಿಗೆ ಮರುಳಾಗುವವರಲ್ಲ.

1902ರ ಮಾರ್ಚಿನಲ್ಲಿ ಕಲ್ಕತ್ತೆಯ ಶಾಸನಸಭೆಯ ಮುಂದೆ ಸರಕಾರವು ಏಳು ಕೋಟಿ ರೂಪಾಯಿಗಳ ಉಳಿತಾಯ ತೋರಿಸಿತು. ಅಭಿನಂದನೆಗಳು ಸುರಿದವು. ಗೋಖಲೆಯವರು ಮಾತ್ರ ಅಭಿನಂದಿಸಲೊಪ್ಪಲಿಲ್ಲ. ಕ್ಷಾಮದಿಂದ ಬಳಲಿದ ರೈತನಿಂದ ಅಗತ್ಯಕ್ಕಿಂತ ಹೆಚ್ಚು ವಸೂಲು ಮಾಡಿದ್ದೇ ಆ ಉಳಿತಾಯವೆಂದು ಅವರು ಲೆಕ್ಕ ಬಿಡಿಸಿಟ್ಟರು. ಮಣಕ್ಕೆ ಎರಡೂವರೆ ರೂಪಾಯಿಯ ಉಪ್ಪಿನ ತೆರಿಗೆ ಇಳಿಯಬೇಕು, ಸೈನ್ಯದ ವೆಚ್ಚ ತಗ್ಗಬೇಕು, ಶಾಲೆಗಳಿಗೆ ಹಣ ಬರಬೇಕು ಎಂಬುದು ಅವರ ವಾದ. ಸರಕಾರಕ್ಕೋ ಸೈನ್ಯವೇ ಮೊದಲು. ಆಯವ್ಯಯದ ಮೇಲೆ ಮಾತನಾಡಬಹುದಿತ್ತು, ಮತ ಹಾಕುವಂತಿರಲಿಲ್ಲ!

ಆದರೂ ಉಪ್ಪಿನ ತೆರಿಗೆ 1903ರಲ್ಲಿ ಎರಡು ರೂಪಾಯಿಗೂ 1907ರಲ್ಲಿ ಒಂದಕ್ಕೂ ಇಳಿಯಿತು. ಅವರ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ 1912ರಲ್ಲಿ ಬಿದ್ದುಹೋಯಿತು. 1915ರಲ್ಲಿ ಪುಣೆಯಲ್ಲಿ ತೀರಿಕೊಂಡಾಗ ಅವರಿಗಿನ್ನೂ 48 ವರ್ಷ.